ಗುಂಟೆಯೊಳಗಿನ ಟೂ ಎ ಬಿ

ಕನ್ನಡ ಮಾಧ್ಯಮದಲ್ಲೇ ಓದಿ, ಕನ್ನಡದಲ್ಲೇ ಎಣಿಸಿ, ಕನ್ನಡದಲ್ಲೇ ಜಗಳವಾಡಿ ಬೆಳೆದವರಿಗೂ ಬೀಜಗಣಿತದ ಒಂದು ಸಾಲು ಮಾತ್ರ ಇಂಗ್ಲಿಷಿನಲ್ಲೇ ಬಾಯಿಗೆ ಬರುತ್ತದೆ: ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಈಸ್ ಈಕ್ವಲ್ ಟು ಎ ಸ್ಕ್ವೇರ್ ಪ್ಲಸ್ ಟೂ ಎ ಬಿ ಪ್ಲಸ್ ಬಿ ಸ್ಕ್ವೇರ್’. ಶಾಲೆ ಬಿಟ್ಟು ಎಷ್ಟೋ ವರ್ಷವಾದವರನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂರಿಸಿಕೊಂಡು ಕೇಳಿ, ಅನ್ನ ಕಲಸುತ್ತಲೇ ಒಪ್ಪಿಸುತ್ತಾರೆ. ನಡುವಿನ ಆ ‘ಟೂ ಎ ಬಿ’ ಎಲ್ಲಿಂದ ಬಂತು ಎಂದು ಮಾತ್ರ ಕೇಳಬಾರದು. ಕೇಳಿದರೆ ಪಕ್ಕದವರು ಪಲ್ಯ ಬಡಿಸುವವರನ್ನು ಕರೆಯಲು ಶುರುಮಾಡುತ್ತಾರೆ.

ತಿಪಟೂರು ಸೀಮೆಯ ನಮ್ಮ ಹೈಸ್ಕೂಲಿನಲ್ಲಿ ಅದನ್ನು ಹೇಳುವುದಕ್ಕೊಂದು ಧಾಟಿಯೇ ಇತ್ತು. ‘ಹೋಲ್ ಸ್ಕ್ವೇರ್’ ಎನ್ನುವಾಗ ದನಿ ಏರಿಸಬೇಕು, ‘ಟೂ ಎ ಬಿ’ ಎನ್ನುವಾಗ ಒತ್ತಿ ಹೇಳಬೇಕು. ಒತ್ತದಿದ್ದವರು ಪರೀಕ್ಷೆಯಲ್ಲಿ ಅದನ್ನು ಬಿಟ್ಟುಬಿಡುತ್ತಾರೆ ಎಂಬುದು ನಮ್ಮ ಗಣಿತದ ಮೇಷ್ಟ್ರ ಅನುಭವ. ಒಳ್ಳೆಯವರು, ಕಾಪಿ ಪುಸ್ತಕದ ಒಂದೊಂದು ಹಾಳೆಯನ್ನೂ ತಿದ್ದುತ್ತಿದ್ದರು. ಆದರೆ ಏಕೆ ಎಂದು ಕೇಳಿದರೆ, ‘ಸೂತ್ರ ಕಣಮ್ಮ ಅದು, ಸೂತ್ರಕ್ಕೆ ಏನು ಯಾಕೆ ಅಂತಾರಾ?’ ಎಂದು ಸೀಮೆಸುಣ್ಣ ಕೆಳಗಿಡುತ್ತಿದ್ದರು. ಪುಸ್ತಕದಲ್ಲಿ ಅದರ ಹೆಸರು ನಿತ್ಯಸಮೀಕರಣ. ಎ, ಬಿಗಳಿಗೆ ಯಾವ ಬೆಲೆ ಹಾಕಿದರೂ ಎರಡೂ ಕಡೆ ಸಮವಾಗಿರುವಂಥದ್ದು. ಬೆಲೆ ಹಾಕಿ ನೋಡಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಅದೇ ವರ್ಷಗಳ ಬೇಸಿಗೆ ರಜೆಗಳಲ್ಲಿ ನಾನು ಸೋದರಮಾವನ ಹಿಂದೆ ಹೊಲ ಹೊಲ ಸುತ್ತುತ್ತಿದ್ದೆ. ಮಾವ ತಾಲ್ಲೂಕು ಕಚೇರಿಯ ಸರ್ವೆಯರ್. ಪೋಡಿ, ಹದ್ದುಬಸ್ತು ಎಂದರೆ ಬೆಳಗಾಗುವ ಮುಂಚೆ ಹೊರಡಬೇಕು. ಬಿಸಿಲೇರಿದ ಮೇಲೆ ಸರಪಳಿ ಮುಟ್ಟುವಂತಿರಲಿಲ್ಲ. ಆ ಕಬ್ಬಿಣದ ಸರಪಳಿ 33 ಅಡಿ. ಒಂದು ತುದಿಯನ್ನು ಜವಾನ ಹಿಡಿದು ನಡೆದರೆ, ಬಾವುಟ ಹಿಡಿದು ನಿಲ್ಲುವ ಕೆಲಸ ನನ್ನದು. ಜಮೀನಿನ ಮಾಲೀಕರು, ಪಕ್ಕದ ಹೊಲದವರು, ಯಾವ ಸಂಬಂಧವೂ ಇಲ್ಲದೆ ತಮಾಷೆ ನೋಡಲು ಬಂದವರು ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಂತಿರುತ್ತಿದ್ದರು. ಅಳತೆ ಮುಗಿದ ತಕ್ಷಣ ಮಾವ ವಿಸ್ತೀರ್ಣ ಹೇಳಿಬಿಡಬೇಕು. ಕಾಗದ ತೆಗೆದು ಗುಣಿಸುತ್ತ ಕೂತರೆ ಜನಕ್ಕೆ ಅನುಮಾನ ಬರುತ್ತದೆ ಎಂದು ಅವರ ನಂಬಿಕೆ.

ಈ ಭಾಗದ ಅಳತೆ ತಿಳಿಯದವರಿಗೆ ಒಂದು ಮಾತು. ಒಂದು ಸರಪಳಿ ಉದ್ದ ಎಂದರೆ ಹದಿನಾರಾಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಗುಂಟೆಗೂ ಹದಿನಾರಾಣೆ. ನಲವತ್ತು ಗುಂಟೆಗೆ ಒಂದು ಎಕರೆ. ರೂಪಾಯಿಯಿಂದ ಆಣೆ ಹೋಗಿ ಎಷ್ಟೋ ಕಾಲವಾದರೂ ಜಮೀನಿನ ಲೆಕ್ಕದಲ್ಲಿ ಅದು ಉಳಿದುಕೊಂಡಿದೆ.

ಒಂದು ದಿನ ಅಳೆದ ತುಂಡು ಐದು ಸರಪಳಿ ನಾಲ್ಕಾಣೆ ಉದ್ದ, ಮೂರು ಸರಪಳಿ ಎಂಟಾಣೆ ಅಗಲ. ಜವಾನ ಕೂಗಿ ಹೇಳಿ ಮುಗಿಸುವಷ್ಟರಲ್ಲಿ ಮಾವ ‘ಹದಿನೆಂಟು ಗುಂಟೆ ಆರಾಣೆ’ ಎಂದರು. ಹೇಗೆ ಎಂದು ಗಂಟುಬಿದ್ದೆ. ಮಾವ ಕಡ್ಡಿ ತಗೊಂಡು ಮಣ್ಣಿನ ಮೇಲೆ ಒಂದು ಆಯತ ಬರೆದು, ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದು ನಾಲ್ಕು ತುಂಡು ಮಾಡಿದರು.

‘ಇಲ್ಲಿ ನೋಡು ಪುಟ್ಟಿ. ಈ ದೊಡ್ಡ ತುಂಡು ಐದು ಮೂರಲ ಹದಿನೈದು ಗುಂಟೆ. ಅದರ ಮಗ್ಗುಲಲ್ಲಿ ಐದು ಸರಪಳಿಗೆ ಎಂಟೆಂಟಾಣೆ, ನಲವತ್ತಾಣೆ, ಅಂದ್ರೆ ಎರಡು ಗುಂಟೆ ಎಂಟಾಣೆ. ಈ ಕಡೆ ಮೂರು ಸರಪಳಿಗೆ ನಾಲ್ಕು ನಾಲ್ಕಾಣೆ, ಹನ್ನೆರಡಾಣೆ. ಆಯ್ತಾ?’

‘ಆಯ್ತು.’

‘ಎಲ್ಲಾಯ್ತೇ? ಮೂಲೇಲಿ ಒಂದು ಚೂರು ಉಳೀತಲ್ಲ. ನಾಲ್ಕಾಣೆ ಉದ್ದ, ಎಂಟಾಣೆ ಅಗಲ. ಗುಂಟೆಯ ಕಾಲಿನಲ್ಲಿ ಅರ್ಧ, ಎರಡಾಣೆ. ಅದನ್ನ ಬಿಟ್ಟರೆ ಬದುವಿನ ಮೇಲೆ ನಿಂತವರು ನನ್ನ ಬಿಡ್ತಾರಾ?’

ಹದಿನೈದು ಗುಂಟೆ, ಎರಡು ಗುಂಟೆ ಎಂಟಾಣೆ, ಹನ್ನೆರಡಾಣೆ, ಎರಡಾಣೆ. ಕೂಡಿದರೆ ಹದಿನೇಳು ಗುಂಟೆಯ ಮೇಲೆ ಇಪ್ಪತ್ತೆರಡಾಣೆ. ಹದಿನಾರಾಣೆ ಗುಂಟೆಯಾಗಿ ಹೋಗಿ ಹದಿನೆಂಟು ಗುಂಟೆ ಆರಾಣೆ. ನನಗೆ ಆಗ ಅದು ಸರ್ವೆಯರುಗಳ ಕೈಚಳಕವಾಗಿ ಕಂಡಿತ್ತು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗಿ ಮತ್ತೆ ‘ಹೋಲ್ ಸ್ಕ್ವೇರ್’ ರಾಗ ಹಾಡುವಾಗ, ಮಣ್ಣಿನ ಮೇಲಿನ ಆ ನಾಲ್ಕು ತುಂಡಿಗೂ ಕರಿಹಲಗೆಯ ಮೇಲಿನ ಆ ಸಾಲಿಗೂ ಸಂಬಂಧವಿದೆ ಎಂದು ತೋರಿಸುವವರು ಇರಲಿಲ್ಲ. ಮಾವನಿಗೆ ಸೂತ್ರದ ಗೊಡವೆ ಬೇಕಿರಲಿಲ್ಲ, ಮೇಷ್ಟ್ರಿಗೆ ಸರಪಳಿಯ ಗೊಡವೆ ಬೇಕಿರಲಿಲ್ಲ.

ಬಿ.ಎಡ್. ಮುಗಿಸಿ ನಾನೇ ಎಂಟನೇ ತರಗತಿಗೆ ಗಣಿತ ಹೇಳುವ ಕಾಲ ಬಂತು. ಹಳ್ಳಿಯ ಶಾಲೆ, ಮಕ್ಕಳೆಲ್ಲ ತೆಂಗು ರಾಗಿ ಬೆಳೆಯುವ ಮನೆಗಳವರು. ಕರಿಹಲಗೆಯ ಮೇಲೆ ಒಂದು ಆವರಣದಿಂದ ಇನ್ನೊಂದು ಆವರಣಕ್ಕೆ ಕಮಾನು ಎಳೆದು, ಮೊದಲನೆಯದನ್ನು ಮೊದಲನೆಯದಕ್ಕೆ ಗುಣಿಸು, ಆಮೇಲೆ ಎರಡನೆಯದಕ್ಕೆ ಗುಣಿಸು ಎಂದು ಹೇಳಿಕೊಡುವುದು ವಾಡಿಕೆ. ಕಮಾನು ಇರುವವರೆಗೆ ಉತ್ತರ ಸರಿ ಬರುತ್ತದೆ, ಕಮಾನು ಅಳಿಸಿದ ಮರುದಿನ ಮಾಯವಾಗುತ್ತದೆ. ಅದಕ್ಕೇ ನಾನು ಆವರಣ ಬದಿಗಿಟ್ಟು, ಎಲ್ಲರಿಗೂ ಬರುವ 23 × 14ರಿಂದ ಶುರುಮಾಡಿದೆ.

ನಾವು ಒಂದರ ಕೆಳಗೊಂದು ಬರೆದು ಗುಣಿಸುವಾಗ ನಡೆಯುವುದೇನು? ಮೊದಲು 4ರಿಂದ, 92. ಆಮೇಲೆ ಒಂದು ಮನೆ ಬಿಟ್ಟು 1ರಿಂದ, 23. ಅದು ನಿಜವಾಗಿ 230. ಒಟ್ಟು 322. ದಶಕ ಒಯ್ಯುವ ಗಡಿಬಿಡಿಯಲ್ಲಿ ಕಾಣದೇ ಹೋಗುವುದು ಇಷ್ಟು: ಇಪ್ಪತ್ತು ಹತ್ತಲ 200, ಇಪ್ಪತ್ತು ನಾಲ್ಕಲ 80, ಮೂರು ಹತ್ತಲ 30, ಮೂರು ನಾಲ್ಕಲ 12. ನಾಲ್ಕು ಗುಣಾಕಾರ, ನಾಲ್ಕು ತುಂಡು, ಮಾವ ಮಣ್ಣಿನ ಮೇಲೆ ಬರೆದ ಅದೇ ಚಿತ್ರ. ಈಗ ಹತ್ತು ಎನ್ನುವ ಕಡೆಯೆಲ್ಲ ಎಕ್ಸ್ ಎಂದು ಬರೆಯಿರಿ. 23 ಎಂದರೆ 2ಎಕ್ಸ್ + 3, 14 ಎಂದರೆ ಎಕ್ಸ್ + 4. ಗುಣಿಸಿದರೆ 2ಎಕ್ಸ್² + 8ಎಕ್ಸ್ + 3ಎಕ್ಸ್ + 12. ಸಜಾತೀಯ ಪದಗಳನ್ನು ಕೂಡಿಸಿದರೆ 2ಎಕ್ಸ್² + 11ಎಕ್ಸ್ + 12. ಎಕ್ಸ್ ಬದಲಿಗೆ ಮತ್ತೆ ಹತ್ತು ಹಾಕಿ: 200 + 110 + 12. ಅದೇ 322.

ಇದನ್ನು ಬರೆದು ಮುಗಿಸಿದ ದಿನ ಹಿಂದಿನ ಬೆಂಚಿನಿಂದ ಒಬ್ಬಳು, ‘ಟೀಚರ್, ಅಂದ್ರೆ ನಾವು ನಾಲ್ಕನೇ ಕ್ಲಾಸಿಂದ್ಲೇ ಬೀಜಗಣಿತ ಮಾಡ್ತಿದ್ವಾ?’ ಎಂದಳು. ಹೌದು, ಮಾಡುತ್ತಿದ್ದಿರಿ. ಮನೆಯವನೇ ಆದ ನೆಂಟನನ್ನು ಶಾಲೆ ಎಂಟನೇ ತರಗತಿಯಲ್ಲಿ ಹೊಸಬನೆಂದು ಪರಿಚಯಿಸುತ್ತದೆ. ಮಕ್ಕಳು ಹೆದರುವುದು ಲೆಕ್ಕಕ್ಕಲ್ಲ, ಆ ಪರಿಚಯಕ್ಕೆ.

ಎಷ್ಟು ಹೇಳಿದರೂ ಪರೀಕ್ಷೆಯಲ್ಲಿ (ಎ + ಬಿ)² ಎಂದರೆ ಎ² + ಬಿ² ಎಂದು ಬರೆಯುವವರು ಇದ್ದೇ ಇರುತ್ತಾರೆ. ಅಂಥ ಒಬ್ಬ ಹುಡುಗನನ್ನು ಎಬ್ಬಿಸಿ ಕೇಳಿದೆ: ‘ಗುಂಟೆಗೆ ಎಷ್ಟು ಚದರಡಿಯೋ?’ ತಟಕ್ಕನೆ ‘1089 ಟೀಚರ್’ ಎಂದ. ಆ ಸಂಖ್ಯೆ ನಮ್ಮ ಕಡೆ ಪಹಣಿ ಇರುವ ಮನೆಗಳಲ್ಲೆಲ್ಲ ಗೊತ್ತು. ‘33 ಅಡಿಯನ್ನ ಮೂವತ್ತು ಪ್ಲಸ್ ಮೂರು ಮಾಡು. ನಿನ್ನ ಲೆಕ್ಕದ ಪ್ರಕಾರ ವರ್ಗ ಮಾಡು’ ಎಂದೆ. 900, 9. 909 ಎಂದು ಬರೆದು ತಾನೇ ನಿಂತುಬಿಟ್ಟ.

‘ಉಳಿದ 180 ಅಡಿ ಏನಾಯ್ತು?’

‘ಪಕ್ಕದ ಹೊಲದವರು ಒತ್ತುವರಿ ಮಾಡವ್ರೆ ಟೀಚರ್.’

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಎಲ್ಲರೂ ಸೇರಿ ಲೆಕ್ಕ ಮುಂದುವರಿಸಿದೆವು. ಗುಂಟೆಗೆ 180 ಚದರಡಿ ಹೋದರೆ ಎಕರೆಗೆ 7,200. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಮೂವತ್ತು ನಲವತ್ತರ ಸೈಟು 1,200 ಚದರಡಿ. ಅಲ್ಲಿಗೆ ‘ಟೂ ಎ ಬಿ’ ಮರೆತವನು ಎಕರೆಗೆ ಆರು ಸೈಟು ಕಳೆದುಕೊಂಡ. ಆ 180 ಎಲ್ಲಿದೆ ಎಂದು ಹುಡುಕುವುದು ಕಷ್ಟವಲ್ಲ. ಮೂವತ್ತಡಿ ಉದ್ದ ಮೂರಡಿ ಅಗಲದ ಪಟ್ಟಿ ಒಂದು ಬಲಕ್ಕೆ, ಇನ್ನೊಂದು ಕೆಳಗೆ, ತಲಾ 90. ‘ಟೂ’ ಬಂದದ್ದು ಪಟ್ಟಿಗಳು ಎರಡಿರುವುದರಿಂದ, ‘ಎ ಬಿ’ ಬಂದದ್ದು ಅವುಗಳ ಉದ್ದ ಅಗಲದಿಂದ. ಆ ಹುಡುಗ ಮತ್ತೆಂದೂ ಅದನ್ನು ಬಿಡಲಿಲ್ಲ.

ಋಣ ಚಿಹ್ನೆಯ ಹತ್ತಿರ ಹೊಲದ ಚಿತ್ರ ಕೈಕೊಡುತ್ತದೆ ಎಂದು ಹೇಳುವವರಿದ್ದಾರೆ. ಮೈನಸ್ ಮೂರಡಿ ಉದ್ದದ ಬದು ಯಾರ ಹೊಲದಲ್ಲೂ ಇಲ್ಲ, ನಿಜ. ಆದರೆ ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗೆ ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ವಿವರಣೆ ಇರುವುದು ಸೈಟಿನಲ್ಲೇ. ಮೂವತ್ತು ನಲವತ್ತರ ಸೈಟಿನಲ್ಲಿ ಸುತ್ತಲೂ ಮೂರಡಿ ಬಿಟ್ಟು ಮನೆ ಕಟ್ಟಬೇಕು. ಕಟ್ಟಡಕ್ಕೆ ಉಳಿಯುವ ಜಾಗ ಎಷ್ಟು? ತರಗತಿಯಲ್ಲಿ ಹೆಚ್ಚಿನವರು ಮಾಡಿದ್ದು ಹೀಗೆ: ನಲವತ್ತಡಿಯ ಎರಡು ಪಟ್ಟಿ, 240. ಮೂವತ್ತಡಿಯ ಎರಡು ಪಟ್ಟಿ, 180. ಒಟ್ಟು 420 ಕಳೆದರೆ 780. ಒಬ್ಬ ಹುಡುಗಿ ಮಾತ್ರ 24 × 34 ಮಾಡಿ 816 ಎಂದಳು. ಎರಡೂ ಸರಿಯಾಗಿ ಕಾಣುತ್ತವೆ, ನಡುವೆ 36 ಚದರಡಿ ವ್ಯತ್ಯಾಸ. ಜಗಳ ಬಿದ್ದಿತು. ಅಪ್ಪ ಗಾರೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಹಲಗೆಯ ಹತ್ತಿರ ಬಂದು ನಾಲ್ಕು ಮೂಲೆಗಳನ್ನು ತೋರಿಸಿ, ‘ಈ ಮೂಲೆ ಉದ್ದದ ಪಟ್ಟೀಲೂ ಐತೆ, ಅಡ್ಡದ ಪಟ್ಟೀಲೂ ಐತೆ. ಎರಡು ಸಲ ಕಿತ್ಕೊಂಡವ್ರೆ’ ಎಂದ. ಮೂರಡಿ ಮೂರಡಿಯ ನಾಲ್ಕು ಮೂಲೆ, 36. ಎರಡು ಸಲ ಕಳೆದದ್ದನ್ನು ಒಂದು ಸಲ ವಾಪಸು ಕೊಡಬೇಕು.

ಮೂರರ ಬದಲು ಎಕ್ಸ್ ಅಡಿ ಬಿಟ್ಟರೆ (30 − 2ಎಕ್ಸ್)(40 − 2ಎಕ್ಸ್). ಬಿಡಿಸಿದರೆ 1200 − 140ಎಕ್ಸ್ + 4ಎಕ್ಸ್². ಕೊನೆಯ ಪದದ ಮುಂದಿರುವ ಆ ಪ್ಲಸ್ ಆಕಾಶದಿಂದ ಇಳಿದದ್ದಲ್ಲ, ಮೂಲೆಗಳನ್ನು ಹಿಂದಿರುಗಿಸಿದ ಲೆಕ್ಕ ಅದು.

ಹಿಂದುಮುಂದಾಗಿಯೂ ಇದೇ ಸೈಟು ಹತ್ತನೇ ತರಗತಿಯವರೆಗೆ ಕೆಲಸಕ್ಕೆ ಬರುತ್ತದೆ. ಕಟ್ಟಡ 816 ಚದರಡಿ ಬೇಕು, ಎಷ್ಟು ಅಡಿ ಬಿಡಬೇಕು ಎಂದು ಕೇಳಿದರೆ ಅದು ವರ್ಗ ಸಮೀಕರಣ. ಎಲ್ಲವನ್ನೂ ಒಂದೇ ಕಡೆ ತಂದು ನಾಲ್ಕರಿಂದ ಭಾಗಿಸಿದರೆ ಎಕ್ಸ್² − 35ಎಕ್ಸ್ + 96 = 0. ಗುಣಿಸಿದರೆ 96, ಕೂಡಿದರೆ 35 ಆಗುವ ಎರಡು ಸಂಖ್ಯೆ 3 ಮತ್ತು 32. ಅಪವರ್ತಿಸಿದರೆ (ಎಕ್ಸ್ − 3)(ಎಕ್ಸ್ − 32). ಮೂರು ಸರಿ. ಮೂವತ್ತಡಿ ಅಗಲದ ಸೈಟಿನಲ್ಲಿ ಎರಡೂ ಕಡೆ ಮೂವತ್ತೆರಡು ಅಡಿ ಬಿಟ್ಟರೆ? ಅಗಲ −34, ಉದ್ದ −24, ಗುಣಿಸಿದರೆ ಅದೇ 816. ‘ಟೀಚರ್, ಆ ಮನೆ ಎಲ್ಲಿ ಕಟ್ಟೋದು?’ ಎಂದು ಕೇಳಿದ್ದೂ ಅದೇ ಗಾರೆಯವರ ಮಗ. ಸಮೀಕರಣ ಒಪ್ಪಿಕೊಂಡದ್ದನ್ನು ಸೈಟು ಒಪ್ಪಿಕೊಳ್ಳುವುದಿಲ್ಲ.

ಈ ಪೇಚು ಹೊಸದೇನಲ್ಲ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಕೋತಿಗಳ ಲೆಕ್ಕವೊಂದಿದೆ. ಒಂದು ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಉಳಿದದ್ದರ ವರ್ಗದಷ್ಟು ಕೋತಿಗಳು ಗುಹೆ ಹೊಕ್ಕವು, ಒಂದು ಮಾತ್ರ ಕೊಂಬೆ ಹತ್ತಿದ್ದು ಕಾಣುತ್ತಿದೆ, ಒಟ್ಟು ಎಷ್ಟು? ಆವರಣ ಬಿಡಿಸಿ ಜೋಡಿಸಿದರೆ ಎಕ್ಸ್² − 55ಎಕ್ಸ್ + 250 = 0. ಉತ್ತರ 50, ಇಲ್ಲವೇ 5. ಐವತ್ತರ ಐದನೇ ಒಂದು ಭಾಗ ಹತ್ತು, ಮೂರು ಕಳೆದರೆ ಏಳು, ವರ್ಗ 49, ಕೊಂಬೆಯದು ಸೇರಿ ಐವತ್ತು. ಐದರಲ್ಲಾದರೆ ಒಂದರಿಂದ ಮೂರು ಕಳೆಯಬೇಕು, ಋಣ ಬರುತ್ತದೆ. ವರ್ಗ ಮಾಡಿದಾಗ ನಾಲ್ಕಾಗಿ ಲೆಕ್ಕ ಕೂಡಿಬಂದರೂ, ಋಣವಾದ ಕೋತಿಗಳನ್ನು ಲೋಕ ಒಪ್ಪುವುದಿಲ್ಲವೆಂದು ಭಾಸ್ಕರ ಆ ಉತ್ತರವನ್ನು ಬಿಟ್ಟ. ನಮ್ಮ ಹುಡುಗನೂ ಅದನ್ನೇ ಹೇಳಿದ್ದು.

ಅದೇ ಗ್ರಂಥದಲ್ಲಿ ಎರಡು ಆವರಣಗಳನ್ನು ಗುಣಿಸುವ ಲೆಕ್ಕವೂ ಇದೆ, ನಮ್ಮ ಎಂಟನೇ ತರಗತಿಯ ಅಭ್ಯಾಸದಂಥದ್ದೇ. ಭಾಸ್ಕರನ ಅವ್ಯಕ್ತದ ಹೆಸರು ಯಾವತ್ತಾವತ್, ಬರೆಯುವಾಗ ‘ಯಾ’. ಬಿಡಿ ಸಂಖ್ಯೆ ರೂಪ, ಬರೆಯುವಾಗ ‘ರೂ’. ಋಣವಾದರೆ ಅಂಕಿಯ ತಲೆಯ ಮೇಲೊಂದು ಚುಕ್ಕೆ. ಐದು ಯಾ ಒಂದು ರೂಪ ಕಡಿಮೆ ಇರುವುದನ್ನು, ಮೂರು ಯಾ ಎರಡು ರೂಪ ಹೆಚ್ಚು ಇರುವುದರಿಂದ ಗುಣಿಸು ಎಂಬುದು ಪ್ರಶ್ನೆ. ನಮ್ಮ ಬರವಣಿಗೆಯಲ್ಲಿ (5ಎಕ್ಸ್ − 1)(3ಎಕ್ಸ್ + 2), ಉತ್ತರ 15ಎಕ್ಸ್² + 7ಎಕ್ಸ್ − 2. ಹನ್ನೆರಡನೇ ಶತಮಾನದ ಲೆಕ್ಕ. ಭಾಸ್ಕರ 1150ರಲ್ಲಿ ಬರೆದ ಲೀಲಾವತಿಯಲ್ಲಿ ‘ಟೂ ಎ ಬಿ’ಯೂ ಇದೆ: ಸಂಖ್ಯೆಯನ್ನು ಎರಡು ಖಂಡ ಮಾಡಿ, ಖಂಡಗಳ ಗುಣಲಬ್ಧವನ್ನು ಇಮ್ಮಡಿಸಿ, ಅವುಗಳ ವರ್ಗಗಳನ್ನು ಸೇರಿಸಿದರೆ ಸಂಖ್ಯೆಯ ವರ್ಗ. 135ನ್ನು 12ರಿಂದ ಗುಣಿಸಲು 12ನ್ನು 8 ಮತ್ತು 4 ಎಂದು ಒಡೆಯಬಹುದು, 10 ಮತ್ತು 2 ಎಂದೂ ಒಡೆಯಬಹುದು, 20ರಲ್ಲಿ 8 ಕಡಿಮೆ ಎಂದೂ ತೆಗೆದುಕೊಳ್ಳಬಹುದು. ಹೇಗೆ ಮಾಡಿದರೂ 1620. ಮೊದಲು ಒಡೆಯುವುದು, ಆಮೇಲೆ ಗುಣಿಸುವುದು. ನಮ್ಮ ಮಾವನದೂ ಅದೇ ದಾರಿ.

ಭಾಸ್ಕರನಿಗಿಂತ ಮುನ್ನೂರು ವರ್ಷ ಮೊದಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ವರ್ಗ ಮಾಡುವುದಕ್ಕೆ ಮಹಾವೀರ ಕೊಡುವ ವಿಧಾನಗಳಲ್ಲಿ ಒಂದು ನನಗೆ ಬಲು ಇಷ್ಟ. ಸಂಖ್ಯೆಗೆ ನಿಮಗೆ ಬೇಕಾದದ್ದನ್ನು ಒಮ್ಮೆ ಕೂಡಿ, ಒಮ್ಮೆ ಕಳೆದು, ಬಂದ ಎರಡನ್ನೂ ಗುಣಿಸಿ. ಕೂಡಿ ಕಳೆದದ್ದರ ವರ್ಗವನ್ನು ಅದಕ್ಕೆ ಸೇರಿಸಿ. 33ಕ್ಕೆ ಮೂರು ಕೂಡಿದರೆ 36, ಕಳೆದರೆ 30. ಗುಣಿಸಿದರೆ 1080, ಮೂರರ ವರ್ಗ 9, ಸೇರಿಸಿದರೆ 1089. ಗುಂಟೆ ಸಿಕ್ಕಿತು. 97ರ ವರ್ಗ ಬೇಕೇ? 94 × 100, ಅದಕ್ಕೆ 9 ಸೇರಿಸಿ, 9409. ನಮ್ಮ ಪುಸ್ತಕಗಳಲ್ಲಿ ಇದು (ಎ + ಬಿ)(ಎ − ಬಿ) = ಎ² − ಬಿ² ಎಂದು ಎದೆ ಸೆಟೆಸಿ ನಿಂತಿರುತ್ತದೆ. ಇದರಿಂದ ಬಾಯಿಲೆಕ್ಕ ಮಾಡಬಹುದು ಎಂದು ಹೇಳುವವರು ಕಡಿಮೆ.

ಹೇಳುವವರು ಹೇಳುವ ರೀತಿ ಬೇರೆ. ಈಗ ಊರೂರಲ್ಲೂ ವೇದಗಣಿತದ ರಜಾ ಶಿಬಿರಗಳಿವೆ. ಐದರಿಂದ ಮುಗಿಯುವ ಸಂಖ್ಯೆಯ ವರ್ಗ ಅವರ ಮೊದಲ ಜಾದೂ: 35 ಎಂದರೆ ಮೂರನ್ನು ಅದರ ಮುಂದಿನ ನಾಲ್ಕರಿಂದ ಗುಣಿಸಿ 12, ಪಕ್ಕದಲ್ಲಿ 25 ಬರೆ, 1225. ಮಗು ಮನೆಗೆ ಬಂದು ಒಪ್ಪಿಸಿದರೆ ತಂದೆತಾಯಿಗೆ ಸಂತೋಷ. ಬೇಡವೆನ್ನುವುದಿಲ್ಲ, ಲೆಕ್ಕ ಸರಿಯಾಗಿಯೇ ಇದೆ. 30 ಮತ್ತು 5 ಎಂದು ಒಡೆದರೆ 900, ನಡುವಿನ ಪಟ್ಟಿಗಳು ಎರಡು 150, ಅಂದರೆ 300, ಮೂಲೆ 25. ಪಟ್ಟಿಗಳ ಮುನ್ನೂರು ಒಂಬೈನೂರಕ್ಕೆ ಕೂಡಿ ಹನ್ನೆರಡು ನೂರಾಯಿತು, ಜಾದೂ ಮುಗಿಯಿತು. ಎರಡು ನಿಮಿಷದ ವಿವರಣೆ. ಅದನ್ನು ಮರೆಮಾಚಿ ಉತ್ತರವನ್ನಷ್ಟೇ ಮಾರುವುದು ನನಗೆ ಸೇರುವುದಿಲ್ಲ. ನಮ್ಮ ಮೇಷ್ಟ್ರು ಕೊನೆಯಪಕ್ಷ ಫೀಸು ಕೇಳುತ್ತಿರಲಿಲ್ಲ.

ಮಾವ ನಿವೃತ್ತರಾದ ಮೇಲೆ ಒಮ್ಮೆ ಅವರ ಮುಂದೆ (5 + ¼)(3 + ½) ಎಂದು ಬರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಇದಕ್ಕೆ ಬ್ರಾಕೆಟ್ ಯಾಕಮ್ಮ, ಬದು ಹಾಕಿದ್ರೆ ಸಾಕಾಗಿತ್ತು’ ಎಂದರು. ಅವರಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

ಎಂಟನೇ ತರಗತಿಗೆ ಗಣಿತ ಹೇಳುವ ಮೇಷ್ಟ್ರು, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ನಿತ್ಯಸಮೀಕರಣದ ಪಾಠ ಶುರುವಾಗುವ ದಿನ ಸೂತ್ರವನ್ನು ಹಲಗೆಯ ಮೇಲೆ ಬರೆಯಬೇಡಿ, ಬಾಯಿಪಾಠವೂ ಬೇಡ. 23 × 14 ಕೊಡಿ, 33 × 33 ಕೊಡಿ, ಆಯತ ಬರೆದು ನಾಲ್ಕು ತುಂಡು ಮಾಡಲು ಬಿಡಿ, ನಾಲ್ಕನ್ನೂ ಕೂಡಲು ಹೇಳಿ. ಸೂತ್ರವನ್ನು ವಾರದ ಕೊನೆಗೆ ಮಕ್ಕಳ ಕೈಯಲ್ಲೇ ಬರೆಸಿ. ಅಷ್ಟರಲ್ಲಿ ಅವರಿಗೇ ಗೊತ್ತಾಗಿರುತ್ತದೆ. ಪಾಠ ಎರಡು ಪಿರಿಯಡ್ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಹತ್ತನೇ ತರಗತಿಯಲ್ಲಿ ಅಪವರ್ತನಕ್ಕೆ ಬಂದಾಗ ಆ ಎರಡು ಪಿರಿಯಡ್ ನಿಮಗೆ ವಾಪಸು ಸಿಗುತ್ತದೆ.